ಕ್ಯಾಮೆರಾ ಕಡೆ ತಿರುಗದ ಬಾವುಟದಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಂಡೆಯ ಹೋಟೆಲ್‌ಗಳಲ್ಲಿ ಒಂದು ಪರದೆಯೂ ಸರಿದಿಲ್ಲ. ಬಟ್ಟೆಯನ್ನು ಮೊಣಕಾಲಿಗೆತ್ತಿ ಕಟ್ಟಿಕೊಂಡ ಹೆಂಗಸೊಬ್ಬರು ನಿನ್ನೆಯ ಎಳನೀರು ಬುರುಡೆಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆಯುತ್ತಾ ನಡೆಯುತ್ತಿದ್ದಾರೆ.

ಎಸೆದ ಬುರುಡೆಗಳೆಲ್ಲ ಅಲೆಯ ಜೊತೆ ಉರುಳಿಕೊಂಡು ಕಾಲ ಬುಡಕ್ಕೇ ವಾಪಸು ಬರುತ್ತವೆ. ಒಂದು ಮಾತ್ರ ಬರುವುದಿಲ್ಲ. ಅಲೆಯೇ ಏಳದ, ನೋಡಲು ಬಲು ಸಾಧುವಾದ ನೀರಿನ ಪಟ್ಟಿಯಲ್ಲಿ ಅದು ಸರಸರನೆ ಒಳಕ್ಕೆ ಹೊರಟೇಬಿಡುತ್ತದೆ. "ಇವತ್ತು ಇಲ್ಲಿ ಕೂತಿದ್ದೀಯಾ, ಕಳ್ಳ" ಎಂದು ಗೊಣಗಿ, ಅದರ ಎದುರಿಗೆ ಕೆಂಪು ಬಾವುಟ ನೆಡುತ್ತಾರೆ.

ಈ ಪುಟ್ಟ ದ್ವೀಪದಲ್ಲಿ ಅವರನ್ನು ಎಲ್ಲರೂ ಕರೆಯುವುದು ಬಾವುಟದಮ್ಮ ಎಂದೇ. ದಡದಿಂದ ಒಳಕ್ಕೆ ಎಳೆಯುವ ಸಮುದ್ರದ ಸೆಳವು ಒಂದೇ ಕಡೆ ಇರುವುದಿಲ್ಲ. ತಳದ ಮರಳು ಸರಿದ ಹಾಗೆ ಅದೂ ಜಾಗ ಬದಲಿಸುತ್ತದೆ. ಅದನ್ನು ದಿನವೂ ಹುಡುಕಿ ಗುರುತು ಹಾಕುವುದು, ಕತ್ತಲಾಗುವವರೆಗೆ ಕಾಯುವುದು ಅವರ ಕೆಲಸ. "ರಜಕ್ಕೆ ಬರೋರು ಅಲೆ ಕಂಡ್ರೆ ಹೆದರ್ತಾರೆ. ಅಲೆ ಇಲ್ಲ, ತಣ್ಣಗಿದೆ ಅಂತ ಅಲ್ಲೇ ಮಕ್ಕಳನ್ನ ಇಳಿಸ್ತಾರೆ. ಅದೇ ಎಳ್ಕೊಂಡು ಹೋಗೋ ಜಾಗ" ಎನ್ನುತ್ತಾರೆ.

ಮೊದಲು ಅವರು ಹೋಟೆಲಿನ ಚಾದರ ಒಗೆಯುತ್ತಿದ್ದರು. ಒಣಹಾಕಲು ತಾರಸಿ ಹತ್ತಿದರೆ ಸೆಳವಿನ ಪಟ್ಟಿ ಕಪ್ಪಗೆ ಕಾಣುತ್ತಿತ್ತು. ಯಾರಾದರೂ ಅತ್ತ ಹೆಜ್ಜೆ ಇಟ್ಟರೆ ಮೇಲಿಂದಲೇ ಗಂಟಲು ಹರಿದುಕೊಳ್ಳುತ್ತಿದ್ದರು. "ಅತಿಥಿಗಳ ನಿದ್ದೆ ಕೆಡ್ತಿದೆ ಅಂತ ಮ್ಯಾನೇಜರು ರೇಗಿದ್ರು. ಕೊನೆಗೆ ಒಂದು ಸೀಟಿ ಕೈಗೆ ಕೊಟ್ಟು, ಹೋಗಮ್ಮ, ಕೆಳಗೇ ನಿಂತು ಊದ್ಕೋ ಅಂದ್ರು" ಎಂದು ನಗುತ್ತಾರೆ. ಅಂದು ಇಳಿದವರು ಮತ್ತೆ ತಾರಸಿ ಹತ್ತಿಲ್ಲ.

ಹೆಗಲ ಚೀಲದಲ್ಲಿ ಕಾಯಿಸಿ ಆರಿಸಿದ ನೀರು, ಉಪ್ಪು-ಸಕ್ಕರೆಯ ಪೊಟ್ಟಣ, ಗಾಯಕ್ಕೆ ಕಟ್ಟುವ ಪಟ್ಟಿ; ತೋಳಲ್ಲಿ ಹಗ್ಗ ಕಟ್ಟಿದ, ಗಾಳಿ ತುಂಬಿದ ಟ್ಯೂಬು. ಕೈ ಚೀಲದಲ್ಲಿದ್ದರೂ ಕಣ್ಣು ನೀರಿನ ಮೇಲೆ. ಬಾಯಿಗಂತೂ ಬಿಡುವೇ ಇಲ್ಲ. "ಅಣ್ಣಾ, ಬೆನ್ನು ಸುಟ್ಟ ಬದನೆಕಾಯಿ ಆಗಿದೆ, ನೆರಳಿಗೆ ಹೋಗಿ." "ಬರಿಗಾಲಲ್ಲಿ ಹವಳದ ಕಲ್ಲು ಹತ್ತಬೇಡಮ್ಮ, ಗಾಯ ಬೇಗ ಮಾಯಲ್ಲ." "ಕುಡಿದು ಈಜೋದಾದ್ರೆ ನಿಮ್ಮ ರೂಮಿನ ಬಕೆಟ್‌ನಲ್ಲಿ ಈಜಿ." ಕೂತು ಊಟ ಮಾಡಿದ್ದನ್ನು ಕಂಡವರಿಲ್ಲ. ಕಡಲಿಗೆ ಬೆನ್ನು ಮಾಡಿದರೆ ಅವರಿಗೆ ಕತ್ತು ಕಡಿಯುತ್ತದಂತೆ.

ಇದರ ಬಿಸಿ ತಟ್ಟಿರುವುದು ಮಗಳಿಗೆ. ದಂಡೆಯ ಮೇಲೇ ನಡೆದ ಅವಳ ಮದುವೆಯ ಫೋಟೊಗಳಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ತಾಯಿ ಒಬ್ಬರೇ ಪಕ್ಕಕ್ಕೆ, ಕಡಲಿನತ್ತ ನೋಡುತ್ತಿದ್ದಾರೆ. ತವರಿಗೆ ಬಂದಿದ್ದ ಮಗಳು ಇಂದು ಮಧ್ಯಾಹ್ನದ ದೋಣಿಗೆ ಗಂಡನೂರಿಗೆ ಹೊರಡುವವಳು. ಬೆಳಗಿನ ಚಹಾ ಹಿಡಿದು ದಂಡೆಗೇ ಬಂದಿದ್ದಾಳೆ. "ಇವತ್ತು ಒಂದೇ ಒಂದು ಫೋಟೊ ಅಮ್ಮ. ಅಲ್ಲಿ ನಿನ್ನ ಮುಖ ನೆನಪಾದಾಗ ನೋಡೋಕೆ ನನ್ನ ಹತ್ರ ನಿನ್ನ ಕಿವಿ ಮಾತ್ರ ಇದೆ!"

ಆ ಮಾತು ನಾಟುತ್ತದೆ. ಬಾವುಟದಮ್ಮ ಬಾವುಟವನ್ನೊಮ್ಮೆ ನೋಡಿ, ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡು, ಕಡಲಿಗೆ ಬೆನ್ನು ತಿರುಗಿಸುತ್ತಾರೆ. ಮಗಳಿಗೆ ಒಂದು ಸಾಲದು. ಇನ್ನೊಂದು, ಮತ್ತೊಂದು. ಆಮೇಲೆ ಫೋನಿನಲ್ಲಿ ತಾಯಿಯ ಮುಖವನ್ನು ದೊಡ್ಡದು ಮಾಡಿ ನೋಡುತ್ತಿದ್ದವಳ ನಗು ಅಲ್ಲೇ ನಿಲ್ಲುತ್ತದೆ. ಫೋಟೊದಲ್ಲಿ, ತಾಯಿಯ ಭುಜದ ಹಿಂದೆ, ಹೊಸ ಮದುಮಗನೊಬ್ಬ ಕೆಂಪು ಬಾವುಟ ಹೆಗಲಿಗಿಟ್ಟು ನಿಂತಿದ್ದಾನೆ. ಹೆಂಡತಿ ಅವನ ಫೋಟೊ ತೆಗೆಯುತ್ತಿದ್ದಾಳೆ.

"ಅಮ್ಮಾ, ನಿನ್ನ ಬಾವುಟ!"

ತಿರುಗುವಷ್ಟರಲ್ಲಿ ಬಾವುಟವನ್ನು ದಂಡೆಯಲ್ಲಿ ಎಳನೀರು ಮಾರುವವನ ಗಾಡಿಯ ಪಕ್ಕಕ್ಕೆ ಒರಗಿಸಿಟ್ಟಾಗಿದೆ. ಮದುಮಗ ಆ ಸಾಧು ನೀರಿಗೆ ಇಳಿದಾಗಿದೆ. ದಡದ ಕಡೆ ಎಷ್ಟು ಕೈ ಬಡಿದರೂ ಅವನ ತಲೆ ಚಿಕ್ಕದಾಗುತ್ತಲೇ ಇದೆ. ಸೀಟಿ ಚೀರುತ್ತದೆ. "ದಡಕ್ಕೆ ಬೇಡ! ಅಡ್ಡ ಈಜಪ್ಪಾ, ಸೆಳವಿಂದ ಆಚೆ, ಅಡ್ಡ!" ಎಂದು ಕೂಗುತ್ತಲೇ ಬಾವುಟದಮ್ಮ ಹಗ್ಗ ಕಟ್ಟಿದ ಟ್ಯೂಬಿನ ಜೊತೆ ನೀರಿಗೆ ಬೀಳುತ್ತಾರೆ. ಹಗ್ಗದ ಇನ್ನೊಂದು ತುದಿ ಮಗಳ ಮತ್ತು ಎಳನೀರಿನವನ ಕೈಯಲ್ಲಿ.

ಎಳೆದು ಹಾಕಿದ ಮೇಲೂ ಅವನು ಬಹಳ ಹೊತ್ತು ಉಪ್ಪುನೀರು ಕಾರುತ್ತಾನೆ. "ಕೆಂಪು ಬಣ್ಣ ಫೋಟೊಗೆ ಚೆನ್ನಾಗಿತ್ತು..." ಎಂದು ಹೆಂಡತಿ ಬಿಕ್ಕುತ್ತಾಳೆ. ಬಾವುಟದಮ್ಮ ಬೈಯುವುದಿಲ್ಲ. ಕಾಯಿಸಿದ ನೀರು ಕುಡಿಸಿ, ಉಸಿರು ನೆಟ್ಟಗಾದರೂ ಡಾಕ್ಟರಿಗೆ ತೋರಿಸಲೇಬೇಕೆಂದು ಇಬ್ಬರನ್ನೂ ಕಳಿಸಿ, ಬಾವುಟ ತಂದು ಮೊದಲಿನ ಜಾಗದಲ್ಲೇ ನೆಡುತ್ತಾರೆ. "ಅವರಿಗೇನು ಗೊತ್ತು, ಪಾಪ. ತಿರುಗಿ ನಿಂತವಳು ನಾನು" ಎನ್ನುತ್ತಾರೆ. ಅವರಿಗೆ ಸಿಟ್ಟು ಬಂದಿರುವುದು ತಮ್ಮ ಮೇಲೆಯೇ.

ಆಸೆ ಏನಾದರೂ ಇದೆಯೇ ಎಂದರೆ ನೀರಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ. "ಇನ್ನೊಬ್ರನ್ನ ಯಾರನ್ನಾದ್ರೂ ಕೊಟ್ರೆ ಸಾಕು. ನಾನು ಅನ್ನ ತಿನ್ನೋವಾಗ ಆ ಕಡೆ ನೋಡೋಕೆ."

ದೋಣಿ ಬರುವ ಹೊತ್ತಾಗಿದೆ. ಮಗಳು ಫೋನನ್ನು ಎಳನೀರಿನವನ ಕೈಗೆ ಕೊಟ್ಟು ತಾಯಿಯ ಪಕ್ಕದಲ್ಲಿ, ಇನ್ನೂ ಪೂರ್ತಿ ಒಣಗದ ಬಟ್ಟೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ತಾಯಿ ಇತ್ತ ತಿರುಗಲು ಹೋದರೆ ಗಲ್ಲ ಹಿಡಿದು ಕಡಲ ಕಡೆಗೇ ತಿರುಗಿಸುತ್ತಾಳೆ.

"ಈ ಕಡೆ ನೋಡಿ" ಎನ್ನುತ್ತಾನೆ ಎಳನೀರಿನವನು.

ಇಬ್ಬರೂ ನೋಡುವುದಿಲ್ಲ.