ಮದುವೆ ಕಾರ್ಡಿನ ಅಂಗಡಿ, ಎಡಗಡೆ ಬಾಗಿಲು

ಲಿಂಗಸುಗೂರಿಗೆ ಇನ್ನೂ ರೈಲು ಬಂದಿಲ್ಲ. ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಮಾತ್ರ ಓಡುತ್ತದೆ. ಹಳೆಯ ಬಾಗಿಲೊಂದನ್ನು ಎರಡು ಮೇಜುಗಳ ಮೇಲೆ ಅಡ್ಡ ಇಟ್ಟು ಆಟಿಕೆ ಹಳಿ ಜೋಡಿಸಿದ್ದೇನೆ. ಸಿಂಧನೂರಿಗೆ ರೈಲು ಬಂದ ಸುದ್ದಿಯನ್ನು ನಮ್ಮ ಪತ್ರಿಕೆಗೆ ಬರೆದ ಮೇಲೆ ಹಿಡಿದ ಗೀಳು. ನನ್ನ ರೈಲು ಸಿಂಧನೂರಿಗೇ ಮುಗಿಯದೆ ಮಸ್ಕಿ ದಾಟಿ ನಮ್ಮೂರಿಗೂ ಬರುತ್ತದೆ. ದಾರಿಯ ಕಟ್ಟಡಗಳೆಲ್ಲ ಮದುವೆ ಕಾರ್ಡಿನ ರಟ್ಟಿನವು.

ರಟ್ಟು ಕೊಡುವವರೂ ಕತ್ತರಿಸುವವರೂ ನಮ್ಮ ಓಣಿಯ ಚಾಚಾ. ಅವರದು ಮದುವೆ ಕಾರ್ಡು ಮುದ್ರಿಸುವ ಅಂಗಡಿ. ಈಗ ಜನ ಮೊಬೈಲಿನಲ್ಲೇ ಮದುವೆಗೆ ಕರೆಯುತ್ತಾರೆ. ಕೆಲಸ ಕಡಿಮೆ. ಕಟ್ಟಡದ ಮಾಲೀಕರು ಹಳೆಯದನ್ನು ಕೆಡವುತ್ತೇವೆ, ಮುಂದಿನ ತಿಂಗಳು ಜಾಗ ಬಿಡಿ ಎಂದಿದ್ದಾರೆ.

ರಟ್ಟಿನ ಕೆಲಸದಲ್ಲಿ ಅವರದೊಂದು ನಿಯಮವಿದೆ. "ಹೆಸರಿನ ಮ್ಯಾಲ ಬ್ಲೇಡ್ ಆಡಿಸಬಾರ್ದ್ರಿ." ಹೆಸರುಗಳಿರುವ ಭಾಗ ಬೇರೆ ಮಾಡಿ ಎತ್ತಿಡುತ್ತಾರೆ. ಉಳಿದದ್ದನ್ನು ಅಕ್ಷರ ಒಳಗೆ, ಖಾಲಿ ಮೈ ಹೊರಗೆ ಬರುವಂತೆ ಮಡಚುತ್ತಾರೆ. ಮಸ್ಕಿಯ ಚಹದಂಗಡಿಗೆ ನಮ್ಮ ಮನೆಗೆ ಬಂದಿದ್ದ ಕಾರ್ಡು ಬಳಸಿದೆವು. ಮೂಲೆಗೆ ಹಚ್ಚಿದ್ದ ಅರಿಶಿನ ಅದರ ಗೋಡೆಯಲ್ಲಿ ಹಾಗೇ ಇದೆ.

ಗೆರೆ ಹಾಕುವುದು ನಾನು, ಕತ್ತರಿಸುವುದು ಅವರು. ತಮ್ಮ ಅಂಗಡಿಯ ಮಾದರಿಯನ್ನು ಮಾತ್ರ ತಾವೇ ಗೆರೆ ಹಾಕಿ, ಕತ್ತರಿಸಿ, ಅಂಟಿಸಿ ತಂದರು. ವಯಸ್ಸಾದ ಕೈ, ಒಂದು ಕಿಟಕಿಗೆ ಒಂದು ಮಧ್ಯಾಹ್ನ ಹಿಡಿದಿತ್ತಂತೆ. ಹಳಿಯ ಪಕ್ಕ ಇಟ್ಟು ನೋಡಿದೆ. ಬಾಗಿಲು ಬಲಕ್ಕಿತ್ತು.

"ಚಾಚಾ, ಬಾಗಲ ಎಡಕ್ಕೈತಲ್ರಿ?"

ಅವರು ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಹುಡುಗರಾಗಿದ್ದಾಗಿನಿಂದ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದವರು. ಮೊಳೆಯಲ್ಲಿ ಎಲ್ಲವೂ ತಿರುಗುಮುರುಗು, ಕಾಗದದ ಮೇಲೆ ಬಿದ್ದಾಗಲೇ ಸರಿ.

"ಕೈ ಇನ್ನಾ ಮೊಳಿ ಜೋಡ್ಸಾಕತ್ತೈತಿ ನೋಡ್ರಿ," ಎಂದು ಕುರ್ಚಿಯಲ್ಲಿ ಕೂತರು.

"ಇರ್ಲಿ ಬಿಡ್ರಿ. ಯಾರಿಗೆ ಗೊತ್ತಾಗತೈತಿ?"

"ನೀವು ಪೇಪರ್‌ನವ್ರು, ನಾಳಿಗೆ ತಿದ್ದುಪಡಿ ಹಾಕಿ ಪಾರಾಗ್ತೀರಿ. ಅಂಗಡಿ ಕೆಡವಿದ ಮ್ಯಾಲ ನನಗ ಉಳಿಯೂದು ಇದೊಂದ. ಇದೂ ಸುಳ್ಳು ಹೇಳಿದ್ರ?"

"ಇನ್ನೊಂದು ಮಾಡೂಣು."

"ದಮ್ಮಿಲ್ರಿ ಕೈಯಾಗ."

ಚಹ ತಂದ ನನ್ನ ಹೆಂಡತಿ ಇಬ್ಬರ ಮುಖ ನೋಡಿ ವಿಷಯ ಕೇಳಿದಳು. ಅಂಗಡಿಯನ್ನು ಎತ್ತಿ ಒಳಗೆ ಇಣುಕಿದಳು.

"ಇಷ್ಟಕ್ಕ ಹಿಂಗ ಕುಂತೀರೇನು? ಕುಬಸ ಉಲ್ಟಾ ಹೊಲಿದ್ರ ನಾವು ಒಳಗಿಂದು ಹೊರಗ ತಿರುವ್ತೀವಿ. ಇದನ್ನೂ ತಿರುವ್ರಿ ಚಾಚಾ."

"ಅಕ್ಷರ ಹೊರಗ ಬರ್ತಾವಲ್ಲ, ಬೇಟಿ."

"ಪ್ರೆಸ್ಸಿನ ಗ್ವಾಡಿಗೆ ಅಕ್ಷರ ಇದ್ರ ಯಾರು ಬೈತಾರ?"

ಚಾಚಾ ಚಹ ಬದಿಗಿಟ್ಟರು. ಆಮೇಲೆ ಅಂಟು ಬಿಡಿಸಿ, ಒಂದೊಂದೇ ಮಡಿಕೆಯನ್ನು ಹಿಂದಕ್ಕೆ ಮಡಚಿ ಚಮಚದ ಬೆನ್ನಿನಿಂದ ಒತ್ತಿ ಮತ್ತೆ ಅಂಟಿಸಿದರು. ಅಂಚುಗಳಲ್ಲಿ ಬಣ್ಣ ಒಡೆದು ಬಿಳಿ ಗೆರೆ ಬಿತ್ತು. ಬಾಗಿಲು ಎಡಕ್ಕೆ ಬಂತು. ಅದರ ಪಕ್ಕದ ಗೋಡೆಯ ಮೇಲೆ ಅವರು ಮುದ್ರಿಸಿದ ಕೊನೆಯ ಕಾರ್ಡಿನ ಸಾಲು: 'ತಮ್ಮ ಆಗಮನವನ್ನು ಬಯಸುವ'. ಬಯಸುವವರ ಹೆಸರುಗಳನ್ನು ಮೊದಲೇ ತೆಗೆದಿಟ್ಟಿದ್ದರಿಂದ ಗೋಡೆ ಅಲ್ಲಿಗೇ ಮುಗಿಯುತ್ತಿತ್ತು.

ಆ ಸಾಲನ್ನು ಅವರು ಬೆರಳಿಟ್ಟು ಓದಿದರು. ಅಂಗಡಿಯನ್ನು ಹಳಿಯ ಪಕ್ಕ ಇಟ್ಟರು.

"ಗಾಡಿ ಬಿಡ್ರಿ," ಎಂದರು.

ಸಿಂಧನೂರಿನಿಂದ ಬಿಟ್ಟೆ. ಹಲಗೆ ಅದುರುತ್ತಿತ್ತು. ಅಂಟು ಇನ್ನೂ ಆರಿರಲಿಲ್ಲ. ರೈಲು ದಾಟಿ ಹೋಗುವವರೆಗೆ ಅವರು ತಮ್ಮ ಅಂಗಡಿಯ ಗೋಡೆಯನ್ನು ಎರಡು ಬೆರಳಿನಿಂದ ಹಿಡಿದುಕೊಂಡೇ ಇದ್ದರು.