ನರ್ಸಮ್ಮನ ಎರಡು ಗೀಟು

ನರ್ಸಮ್ಮನ ಬಲಗೈ ಸದಾ ನಡುಗುತ್ತಿತ್ತು. ಕಾಫಿ ಹಿಡಿದರೆ ಕಪ್ಪು ಬಸಿಗೆ ತಾಗಿ ಕಟಕಟ ಎನ್ನುತ್ತಿತ್ತು. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದು, ಹೊಂಗಡಹಳ್ಳದ ಅಣ್ಣನ ತೋಟಕ್ಕೆ ಮರಳಿದವರು. ಅಲ್ಲಿ ಜೊತೆಗಿದ್ದ ಗೆಳತಿಗೆ ತಿಂಗಳಿಗೊಂದು ಪತ್ರ ಬರೆಯುತ್ತಿದ್ದರು. ಆಕೆಗೆ ಕಿವಿ ಕೇಳದ್ದರಿಂದ ಫೋನು ಆಗುತ್ತಿರಲಿಲ್ಲ. ಪತ್ರ ಅವರದೇ ನಡುಗುವ ಕೈಯದು. ವಿಳಾಸ ಮಾತ್ರ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದ ನಾನು ಬರೆದು, ಅಂಚೆಗೂ ಹಾಕಬೇಕು.

ಮೊದಲ ಸಲ ಅಚ್ಚಿನ ವಿಳಾಸ ನೋಡಿಕೊಂಡು, ಆ ಜರ್ಮನ್ ಊರಿನ ಹೆಸರಿನಲ್ಲಿದ್ದ ಯು ಅಕ್ಷರದ ತಲೆಯ ಮೇಲೆ ಎರಡು ದಪ್ಪ ಚುಕ್ಕೆ ಇಟ್ಟೆ.

"ಎಂತ ರೈಟ್ರೇ, ಅದಕ್ಕೆ ಸಿಡುಬು ಬಂದದ್ದಾ? ಕೈಬರಹದಲ್ಲಿ ಚುಕ್ಕೆ ಅಲ್ಲ ಮಾರಾಯ್ರೇ, ಎರಡು ಸಣ್ಣ ಗೀಟು. ಪದ ಮುಗಿದ ಮೇಲೆ ಹಾಕಿ."

"ಬೀದಿ ಹೆಸರಲ್ಲಿರೋ ಈ ಬಿ?"

"ಅದು ಬಿ ಅಲ್ಲ, ಎರಡು ಎಸ್ಸು ಸೇರಿದ್ದು. ಕೆಳಗಿಂದ ಉದ್ದಕ್ಕೆ ಹತ್ತಿಸಿ, ಎರಡು ಹೊಟ್ಟೆ ಬಿಡಿ. ಕೆಳಗೆ ಮುಚ್ಚಬೇಡಿ."

"ನಮ್ಮ ಸಾವ್ಕಾರ್ರ ಥರಾನೇ ಐತೆ ಕಣಮ್ಮ, ಬರೀ ಹೊಟ್ಟೆ!"

ನಕ್ಕು ನಕ್ಕು ಅವರ ಕಾಫಿ ಸೀರೆಗೆ ಚೆಲ್ಲಿತು.

ತಪ್ಪಿದರೆ ಲಕೋಟೆ ಹರಿದು "ಮತ್ತೆ ಬರೀರಿ" ಎನ್ನುತ್ತಿದ್ದರು. ಹೆಂಡತಿ ತೀರಿದ ಮೇಲೆ ನನಗೆ ಮಾತಿಗೆ ಇದ್ದದ್ದು ಅವರ ಮನೆಯ ಜಗಲಿಯೊಂದೇ. ಎಷ್ಟೋ ಸಲ ಬೇಕೆಂದೇ ತಪ್ಪು ಬರೆದಿದ್ದೇನೆ.

ಒಂದು ದಿನ ಲಕೋಟೆಯನ್ನು ದೂರ ಹಿಡಿದು ನೋಡಿ, "ಇವತ್ತು ಅಲ್ಲಿಯವರದ್ದೇ ಕೈ" ಎಂದು ಮೊದಲ ಬಾರಿಗೆ ಹೊಗಳಿದರು. ಆಮೇಲೆ ಹೇಳಿದರು: "ಅವಳ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆಯಂತೆ, ಕರೆದಿದ್ದಾಳೆ. ಬರ್ತೇನೆ ಅಂತ ಬರ್ದಿದ್ದೇನೆ. ಉತ್ತರ ಬಂದ ಕೂಡ್ಲೇ ಹೊರಡೋದು."

ಆ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ.

"ಹಾಕಿದ್ರಾ?" ಎಂದು ಕೇಳಿದರು.

"ಹಾಕ್ಬುಟ್ಟೆ ಕಣಮ್ಮ" ಎಂದೆ.

ಅಲ್ಲಿಂದ ಏನೂ ಬರಲಿಲ್ಲ. ಆಕೆಯೂ ಈ ಉತ್ತರಕ್ಕೇ ಕಾಯುತ್ತಿದ್ದಳೇನೋ. ಇನ್ನೊಂದು ಬರೆಯಲು ನರ್ಸಮ್ಮನ ಅಭಿಮಾನ ಬಿಡಲಿಲ್ಲ. "ಮನಸ್ಸು ಬದಲಾಯ್ಸಿರಬೇಕು ಅವಳು" ಎಂದರು, ಒಂದೇ ಸಲ. ನಾನು ತಲೆ ತಗ್ಗಿಸಿ ಅವರ ಕಾಫಿ ಕುಡಿಯುತ್ತಿದ್ದೆ. ಈ ಸಲ ತೋಟ ಹೂ ಬಿಡುವ ಮೊದಲೇ ಅವರು ತೀರಿಕೊಂಡರು.

ಮೊನ್ನೆ ಆ ಲಕೋಟೆಯನ್ನು ಒಡೆಯದೆ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆಯ ನಾಲ್ಕು ಸಾಲು ಸೇರಿಸಿ, ದೊಡ್ಡ ಲಕೋಟೆಯೊಳಗೆ ಇಟ್ಟೆ. ವಿಳಾಸ ಬರೆದು, ಪದ ಮುಗಿದ ಮೇಲೆ ಗೀಟು ಎಳೆಯುವಾಗ ನನ್ನ ಕೈಯೂ ನಡುಗಿತು, ಎರಡೂ ಅಂಟಿಕೊಂಡವು. ಮತ್ತೆ ಬರೀರಿ ಎನ್ನಲು ಯಾರೂ ಇರಲಿಲ್ಲ.

ದೊಡ್ಡ ಲಕೋಟೆಯನ್ನು ನಾನೇ ಹರಿದೆ. ಮತ್ತೆ ಬರೆದೆ.