ತಾಯಂದಿರು ಹೊರಗೆ

ಮಕ್ಕಳ ವಾರ್ಡಿನ ಹೆಡ್ ಸಿಸ್ಟರಿಗೆ ಎಲ್ಲರೂ ಇಟ್ಟಿದ್ದ ಹೆಸರು ಬೀಗದಮ್ಮ. ತಾಯಂದಿರು ಒಳಗೆ ಬರಬಹುದಾದದ್ದು ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ. ಐದು ಹೊಡೆಯಿತೋ, ಬಾಗಿಲಿಗೆ ಬೀಗ. ಆಮೇಲೆ ಯಾರು ಜಪ್ಪಯ್ಯ ಅಂದರೂ ತೆಗೆಯುತ್ತಿರಲಿಲ್ಲ. ತಾಯಿಯನ್ನು ಕಂಡರೆ ಮಗು ಅಳುತ್ತದೆ, ಅತ್ತರೆ ಜ್ವರ ಏರುತ್ತದೆ, ಹೊರಗಿನವರಿಂದ ಸೋಂಕು ಬರುತ್ತದೆ ಎಂದು ಇಪ್ಪತ್ತೆಂಟು ವರ್ಷ ಹೇಳಿದ್ದನ್ನೇ ಹೇಳಿದ್ದಳು.

ಹೊಸದಾಗಿ ಬಂದ ಡಾಕ್ಟರಮ್ಮ ಮೂರನೇ ವಾರಕ್ಕೇ ಅದಕ್ಕೆ ಕೈಹಾಕಿದರು. "ಸಿಸ್ಟರ್, ಇನ್ಮೇಲೆ ಅಮ್ಮಂದಿರು ಮಕ್ಕಳ ಹತ್ರಾನೇ ಇರ್ಲಿ. ಮಕ್ಕಳು ಬೇಗ ಹುಷಾರಾಗ್ತವೆ."

ಬೀಗದಮ್ಮ ರಂಪ ಮಾಡಿದಳು. ಹಳಬರ ಸಹಿ ಹಾಕಿಸಿ ಮೇಲಿನವರಿಗೆ ಪತ್ರ ಬರೆದಳು. ಹಾಸಿಗೆಗಳ ನಡುವೆ ಸ್ಟೂಲು ಹಾಕಲು ಜಾಗವಿಲ್ಲವೆಂದು ಟೇಪು ಹಿಡಿದು ಅಳೆದು ತೋರಿಸಿದಳು. ಹಳೇ ತಲೆ ಎಂದು ಚಿಕ್ಕ ನರ್ಸುಗಳು ಬೆನ್ನ ಹಿಂದೆ ಆಡಿಕೊಂಡರು. ಹೊಸದನ್ನು ಒಲ್ಲೆ ಎನ್ನುವವರನ್ನು ಮೂರ್ಖರೆಂದುಬಿಡುವುದು ಎಷ್ಟು ಸುಲಭ! ಹಳೆಯದಕ್ಕಾಗಿ ಅವರು ಏನು ತೆತ್ತಿದ್ದಾರೆಂದು ಯಾರೂ ಕೇಳುವುದಿಲ್ಲ.

ಅವಳು ತೆತ್ತದ್ದು ಮಗಳನ್ನು. ಹತ್ತೊಂಬತ್ತು ವರ್ಷದ ಹಿಂದೆ ಅದೇ ವಾರ್ಡಿನಲ್ಲಿ ಆರು ವರ್ಷದ ಕೂಸು ನಾಲ್ಕು ದಿನ ಮಲಗಿತ್ತು. ಸಿಸ್ಟರಾದರೂ ತಾಯಿ ತಾಯಿಯೇ ಎಂದು ಅವಳನ್ನು ಅಷ್ಟು ದಿನ ಗಂಡಸರ ವಾರ್ಡಿಗೆ ಹಾಕಿದ್ದರು. ನುಗ್ಗಬಹುದಿತ್ತು, ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ನುಗ್ಗಲಿಲ್ಲ. ಮಗುವಿನ ಒಳ್ಳೆಯದಕ್ಕೇ ಎಂದುಕೊಂಡು ದಿನಾ ಆ ಒಂದು ಗಂಟೆ ಮಾತ್ರ ಕೂತು, ಎದ್ದು ಬಂದಳು. ಐದನೇ ದಿನ ಬೆಳಿಗ್ಗೆ ಆಯಾ ಬಂದು, "ಕೊನೇವರೆಗೂ ಅಮ್ಮ ಎಲ್ಲಿ ಅಂತಾನೇ ಕೇಳ್ತಿತ್ತು ಸಿಸ್ಟರ್," ಅಂದಳು. ಈಗ ಡಾಕ್ಟರಮ್ಮ ಹೇಳುವುದೇ ಸರಿಯಾದರೆ, ಅವಳು ಹೊರಗೆ ನಿಂತದ್ದು ಯಾವ ಪುರುಷಾರ್ಥಕ್ಕೆ?

ಆದೇಶ ಬಂತು, ಬಾಗಿಲು ತೆರೆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಸೋಂಕು ಹೆಚ್ಚಲಿಲ್ಲ, ಅಳು ಕಡಿಮೆಯಾಯಿತು. ಅವಳ ಜೊತೆ ಪತ್ರಕ್ಕೆ ಸಹಿ ಹಾಕಿದವರೇ ಆರು ತಿಂಗಳಲ್ಲಿ "ನಾವು ಆಗ್ಲೇ ಹೇಳಿದ್ವಿ" ಎಂದು ಎದೆಯುಬ್ಬಿಸಿ ಓಡಾಡಿದರು. ಥೂ, ಇವರ ಮುಖಕ್ಕಿಷ್ಟು!

ಒಂದು ಮಧ್ಯಾಹ್ನ ಅವಳು ದಿಂಬಿಗೆ ಗೌಸು ಹಾಕುತ್ತಿದ್ದಾಗ, ಮಗುವಿನ ಪಕ್ಕ ಕೂತಿದ್ದ ತಾಯಿಯೊಬ್ಬಳು ಮಾತಿಗೆಳೆದಳು.

"ಸಿಸ್ಟರ್, ಮೊದ್ಲು ಅಮ್ಮಂದಿರನ್ನ ಇರೋಕೇ ಬಿಡ್ತಿರ್ಲಿಲ್ವಂತೆ, ನಿಜಾನಾ?"

"ಹೂಂ."

"ಅದ್ಯಾವ ತಾಯಿ ಸುಮ್ನಿರ್ತಿದ್ಲೋ! ನಾನಾಗಿದ್ರೆ ಬಾಗ್ಲು ಒಡೀತಿದ್ದೆ."

ಬೀಗದಮ್ಮ ದಿಂಬನ್ನು ತಟ್ಟಿ ಸರಿಮಾಡಿ, ಮಗುವಿನ ತಲೆ ಎತ್ತಿ ಅದರಡಿ ಇಟ್ಟಳು.

"ಹೌದಮ್ಮ," ಅಂದಳು. "ತಾಯಿಯಾಗಿದ್ರೆ ಒಡೀತಿದ್ಲು."